ಸಿಡಿಯದ ದೀಪ, ಸಾಲದ ಬೆಳಕು

ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಈಶಾನ್ಯ ಮೂಲೆಯ ಕೆಲವು ಕಲ್ಲಿದ್ದಲು ಗಣಿಗಳಲ್ಲಿ ಕೊಳೆತ ಮೀನಿನ ಚರ್ಮವನ್ನು ದೀಪವಾಗಿ ಬಳಸಿ ನೋಡಿದ್ದರು. ಕೊಳೆಯುತ್ತಿರುವ ಮೀನಿನ ಮೈಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಹೊಮ್ಮಿಸುವ ಮಂಕು ಹೊಳಪು ಅದು. ಅದರಲ್ಲಿ ಹಾರೆಯ ತುದಿ ಕಾಣುವುದೂ ಕಷ್ಟ. ಆದರೂ ಪ್ರಯೋಗ ಮಾಡಿದರು, ಏಕೆಂದರೆ ಮೇಣದಬತ್ತಿ ಹಚ್ಚಿದರೆ ಗಣಿಯೇ ಹೊತ್ತಿಕೊಳ್ಳುವ ಭಯವಿತ್ತು. ಕಲ್ಲಿದ್ದಲಿನ ಪದರಗಳಲ್ಲಿ ಸಿಕ್ಕಿಬಿದ್ದ ಮೀಥೇನ್ ಅನಿಲ ಬಿರುಕುಗಳಿಂದ ಸುಯ್ಯೆಂದು ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 5ರಿಂದ 15ರ ನಡುವೆ ಇದ್ದರೆ ಒಂದು ಜ್ವಾಲೆ ಸಾಕು. ಗಣಿಯವರು ಈ ಅನಿಲವನ್ನು ಫೈರ್‌ಡ್ಯಾಂಪ್ ಎನ್ನುತ್ತಿದ್ದರು.

ಮೀನಿಗಿಂತ ತುಸು ವಾಸಿ ಎನ್ನಿಸಿದ ಇನ್ನೊಂದು ಉಪಾಯವೂ ಇತ್ತು. ಉಕ್ಕಿನ ಚಕ್ರವೊಂದನ್ನು ಹುಡುಗನೊಬ್ಬ ಕೈಯಿಂದ ತಿರುಗಿಸುತ್ತ ಅದರ ಅಂಚಿಗೆ ಚಕಮಕಿ ಕಲ್ಲನ್ನು ಒತ್ತಿ ಹಿಡಿಯುವುದು. ಸಿಡಿಯುವ ಕಿಡಿಗಳ ಬೆಳಕಿನಲ್ಲಿ ದೊಡ್ಡವರು ಕಲ್ಲಿದ್ದಲು ಕಡಿಯುವುದು. ಕಿಡಿಗೆ ಅನಿಲ ಹೊತ್ತಿಕೊಳ್ಳುವುದಿಲ್ಲ ಎಂದು ನಂಬಿದ್ದರು. ಆ ನಂಬಿಕೆಯೂ ಹಲವು ಜೀವಗಳನ್ನು ತೆಗೆದುಕೊಂಡ ಮೇಲೆ ಸುಳ್ಳಾಯಿತು.

ಫೆಲ್ಲಿಂಗ್‌ನ ತೊಂಬತ್ತೆರಡು ಮಂದಿ

1812ರ ಮೇ 25ರಂದು ನ್ಯೂಕ್ಯಾಸಲ್ ಹತ್ತಿರದ ಫೆಲ್ಲಿಂಗ್ ಗಣಿ ಸಿಡಿಯಿತು. 92 ಮಂದಿ ಸತ್ತರು. ಅವರಲ್ಲಿ ಹಲವರು ಇನ್ನೂ ಮೀಸೆ ಮೂಡದ ಹುಡುಗರು. ಗಣಿ ಸಾವುಗಳು ಆ ಸೀಮೆಗೆ ಹೊಸತಲ್ಲ, ಆದರೆ ಅವುಗಳ ಬಗ್ಗೆ ಹೆಚ್ಚು ಬರೆಯುವ ರೂಢಿ ಇರಲಿಲ್ಲ. ಮಾಲೀಕರಿಗೆ ಸುದ್ದಿ ಹರಡುವುದು ಬೇಕಿರಲಿಲ್ಲ. ಈ ಸಲ ಅಲ್ಲಿನ ಪಾದ್ರಿ ಜಾನ್ ಹಾಡ್ಜ್‌ಸನ್ ಸುಮ್ಮನಿರಲಿಲ್ಲ. ತಮ್ಮದೇ ಪ್ಯಾರಿಷ್‌ನ ಜನರನ್ನು ಮಣ್ಣು ಮಾಡಿದ ಅವರು ಸತ್ತವರ ಹೆಸರು, ವಯಸ್ಸು, ಸುರಂಗದ ನಕ್ಷೆ, ಘಟನೆಯ ವಿವರ ಎಲ್ಲವನ್ನೂ ಸೇರಿಸಿ ಅಚ್ಚು ಹಾಕಿಸಿದರು. ಮರುವರ್ಷ ಸಂಡರ್‌ಲ್ಯಾಂಡ್‌ನಲ್ಲಿ ಗಣಿ ಅಪಘಾತ ತಡೆಯಲೆಂದೇ ಒಂದು ಸಂಘ ಹುಟ್ಟಿಕೊಂಡಿತು.

ಅದೇ ಊರಿನ ವೈದ್ಯ ವಿಲಿಯಂ ರೀಡ್ ಕ್ಲಾನಿ ಆಗಲೇ ಒಂದು ದೀಪ ಮಾಡಿದ್ದರು. ಅದರಲ್ಲಿ ಗಾಳಿ ನೀರಿನ ಮೂಲಕ ಹಾದು ಜ್ವಾಲೆ ಸೇರುತ್ತಿತ್ತು. ಆದರೆ ಗಾಳಿ ಒಳಹೋಗಲು ತಿದಿ ಒತ್ತುತ್ತಲೇ ಇರಬೇಕು. ಮಂಡಿಯೂರಿ ಕಲ್ಲಿದ್ದಲು ಕಡಿಯುವವನು ತಿದಿ ಒತ್ತುವುದೆಂತು? ತತ್ವ ಸರಿಯಿತ್ತು, ಗಣಿಗೆ ಹೊಂದಲಿಲ್ಲ. ಕೊನೆಗೆ ಸಂಘದವರು ಲಂಡನ್ನಿನ ಹೆಸರಾಂತ ರಸಾಯನ ವಿಜ್ಞಾನಿ ಸರ್ ಹಂಫ್ರಿ ಡೇವಿಯ ಮೊರೆಹೋದರು.

ಡೇವಿ ಹುಟ್ಟಿದ್ದು 1778ರಲ್ಲಿ, ಕಾರ್ನ್‌ವಾಲ್‌ನ ಪೆನ್ಜಾನ್ಸ್‌ನಲ್ಲಿ. ಅದೂ ಗಣಿ ಸೀಮೆಯೇ. ಆದರೆ ಅಲ್ಲಿನವು ತವರ ಮತ್ತು ತಾಮ್ರದ ಗಣಿಗಳು, ಗಟ್ಟಿ ಬಂಡೆಯೊಳಗಿನವು, ಮೀಥೇನ್ ಕಾಟ ಇಲ್ಲದವು. ಕಾರ್ನ್‌ವಾಲ್‌ನ ಗಣಿ ಕೆಲಸಗಾರರು ಗಡಸು ಟೋಪಿಯ ಮೇಲೆ ಜೇಡಿಮಣ್ಣಿನ ಮುದ್ದೆ ಮೆತ್ತಿ, ಅದರಲ್ಲಿ ಬತ್ತಿ ಸಿಕ್ಕಿಸಿಕೊಂಡು ನಿರಾತಂಕವಾಗಿ ಇಳಿಯುತ್ತಿದ್ದರು. ಮುಂದೆ ಕೋಲಾರದ ಚಿನ್ನದ ಗಣಿಗಳಿಗೆ ಕ್ಯಾಪ್ಟನ್‌ಗಳಾಗಿ, ಮೇಲ್ವಿಚಾರಕರಾಗಿ ಬಂದವರಲ್ಲಿ ಅನೇಕರು ಇದೇ ಕಾರ್ನ್‌ವಾಲ್‌ನವರು. ಬೆಳಕಿನ ಸಮಸ್ಯೆ ಎಲ್ಲ ಗಣಿಗೂ ಒಂದೇ ಅಲ್ಲ ಎಂಬುದು ಆ ಸೀಮೆಯಲ್ಲಿ ಹುಟ್ಟಿದವರಿಗೆ ಗೊತ್ತಿತ್ತು.

ಜಾಲರಿಯ ಗುಟ್ಟು

1815ರ ಆಗಸ್ಟ್ ಕೊನೆಯಲ್ಲಿ ಡೇವಿ ನ್ಯೂಕ್ಯಾಸಲ್ ಸೀಮೆಗೆ ಬಂದು ವಾಲ್ಸೆಂಡ್ ಗಣಿಯ ಮುಖ್ಯಸ್ಥ ಜಾನ್ ಬಡಲ್ ಅವರಿಂದ ಸಮಸ್ಯೆಯನ್ನು ಕೂಲಂಕಷವಾಗಿ ಕೇಳಿ ತಿಳಿದರು. ಹಾಡ್ಜ್‌ಸನ್ ಗಣಿಯ ಅನಿಲವನ್ನು ಬಾಟಲಿಗಳಲ್ಲಿ ಹಿಡಿದು ಲಂಡನ್ನಿಗೆ ಕಳಿಸಿಕೊಟ್ಟರು. ರಾಯಲ್ ಇನ್‌ಸ್ಟಿಟ್ಯೂಷನ್ನಿನ ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ಡೇವಿ ಆ ಅನಿಲವನ್ನು ಗಾಳಿಯೊಂದಿಗೆ ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ಹೊತ್ತಿಸಿ ನೋಡತೊಡಗಿದರು. ಪಕ್ಕದಲ್ಲಿ ಸಹಾಯಕನಾಗಿ ಮೈಕೆಲ್ ಫ್ಯಾರಡೆ ಎಂಬ ಇಪ್ಪತ್ನಾಲ್ಕರ ತರುಣನಿದ್ದ.

ಮೊದಲು ಸಿಕ್ಕಿದ ಸುಳಿವೇ ವಿಚಿತ್ರ. ಈ ಅನಿಲ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ! ಕೆಂಪಗೆ ಕಾದ ಇದ್ದಿಲಿನ ಮುಂದೆ ಹಿಡಿದರೂ ಸಿಡಿಯಲಿಲ್ಲ, ನೇರ ಜ್ವಾಲೆಯೇ ಬೇಕಾಯಿತು. ಅಂದರೆ ಇದಕ್ಕೆ ಬಹಳ ಹೆಚ್ಚಿನ ಶಾಖ ಬೇಕು. ಎರಡನೆಯ ಸುಳಿವು ಇನ್ನೂ ಬೆಲೆಯುಳ್ಳದ್ದು. ಕಿರಿದಾದ ಕೊಳವೆಯೊಳಗೆ ಸ್ಫೋಟ ಮುಂದೆ ಸಾಗುವುದಿಲ್ಲ. ಕೊಳವೆ ಲೋಹದ್ದಾದರೆ ಗಾಜಿಗಿಂತ ಚೆನ್ನಾಗಿ ತಡೆಯುತ್ತದೆ. ಲೋಹ ಜ್ವಾಲೆಯ ಶಾಖವನ್ನು ಹೀರಿಕೊಂಡು ಸುತ್ತಲೂ ಹಂಚಿಬಿಡುವುದರಿಂದ, ಆಚೆ ಬದಿಗೆ ತಲುಪುವ ಅನಿಲಕ್ಕೆ ಹೊತ್ತಿಕೊಳ್ಳುವಷ್ಟು ಬಿಸಿ ಉಳಿಯುವುದಿಲ್ಲ.

ಕೊಳವೆ ಎಷ್ಟು ಉದ್ದವಿರಬೇಕು? ಕಿರಿದಾದಷ್ಟೂ ಗಿಡ್ಡವಾದರೂ ನಡೆಯುತ್ತದೆ. ಹಾಗಾದರೆ ಅತಿ ಕಿರಿದಾದ, ಅತಿ ಗಿಡ್ಡ ಕೊಳವೆಗಳನ್ನು ನೂರಾರು ಒಟ್ಟಿಗೆ ಜೋಡಿಸಿದರೆ ಏನಾಗುತ್ತದೆ? ತಂತಿಯ ಜಾಲರಿಯಾಗುತ್ತದೆ. ಹೈಸ್ಕೂಲು ಪ್ರಯೋಗಶಾಲೆಯಲ್ಲಿ ಬರ್ನರ್ ಮೇಲೆ ತಂತಿಜಾಲರಿ ಹಿಡಿದವರಿಗೆ ಇದು ನೆನಪಿರಬಹುದು. ಜಾಲರಿಯನ್ನು ಜ್ವಾಲೆಯೊಳಕ್ಕೆ ಇಳಿಸಿದರೆ ಜ್ವಾಲೆ ಅದರ ಕೆಳಗೇ ಚಪ್ಪಟೆಯಾಗಿ ನಿಲ್ಲುತ್ತದೆ. ಅನಿಲ ಮಾತ್ರ ಮೇಲಕ್ಕೆ ಹೋಗುತ್ತಿರುತ್ತದೆ, ಆದರೆ ಉರಿಯುವುದಿಲ್ಲ. ಮೇಲೊಂದು ಕಡ್ಡಿ ಗೀರಿ ಹಿಡಿದರೆ ಅಲ್ಲೂ ಹೊತ್ತಿಕೊಳ್ಳುತ್ತದೆ. ಅನಿಲವನ್ನು ಬಿಟ್ಟು ಬೆಂಕಿಯನ್ನಷ್ಟೇ ತಡೆಯುವ ಬಾಗಿಲು ಅದು.

ನವೆಂಬರ್ 9ರಂದು ಡೇವಿ ತಮ್ಮ ಮೊದಲ ದೀಪಗಳ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದರು. ವರ್ಷ ತಿರುಗುವಷ್ಟರಲ್ಲಿ ಜಾಲರಿಯ ದೀಪ ಸಿದ್ಧವಾಗಿತ್ತು. ಎಣ್ಣೆಯ ಬತ್ತಿ, ಅದರ ಸುತ್ತ ತಂತಿಜಾಲರಿಯ ಉರುಳೆ, ಅಷ್ಟೇ. ಜಾಲರಿಯಲ್ಲಿ ಪ್ರತಿ ಚದರ ಇಂಚಿಗೆ 784 ಕಂಡಿಗಳು.

1816ರ ಜನವರಿಯಲ್ಲಿ ಹಾಡ್ಜ್‌ಸನ್ ಈ ದೀಪ ಹಿಡಿದು ಹೆಬರ್ನ್ ಗಣಿಗೆ ಇಳಿದರು. ಒಳಗೆ ಒಬ್ಬ ಕೆಲಸಗಾರ ಚಕಮಕಿ ಚಕ್ರದ ಕಿಡಿಯಲ್ಲಿ ಕಲ್ಲಿದ್ದಲು ಕಡಿಯುತ್ತಿದ್ದ. ಅವನಿಗೆ ಯಾರೂ ಮುನ್ಸೂಚನೆ ಕೊಟ್ಟಿರಲಿಲ್ಲ. ಉರಿಯುವ ದೀಪವೊಂದು ತನ್ನತ್ತ ಬರುತ್ತಿರುವುದನ್ನು ಕಂಡು ಅವನ ಜೀವ ಬಾಯಿಗೆ ಬಂತು. ಆರಿಸೆಂದು ಮೊದಲು ಗದರಿದ, ಆಮೇಲೆ ಅಂಗಲಾಚಿದ. ದೀಪ ಹತ್ತಿರ ಬಂತು. ಏನೂ ಆಗಲಿಲ್ಲ.

ಇದೇ ಹೊತ್ತಿಗೆ ಕಿಲ್ಲಿಂಗ್‌ವರ್ತ್ ಗಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಜಾರ್ಜ್ ಸ್ಟೀಫನ್ಸನ್ ತನ್ನದೇ ದಾರಿಯಲ್ಲಿ ಇನ್ನೊಂದು ದೀಪ ಮಾಡಿದ್ದ. ಹದಿನೆಂಟರ ವಯಸ್ಸಿನವರೆಗೆ ಅಕ್ಷರ ಕಲಿಯದ, ಮುಂದೆ ರೈಲು ಎಂಜಿನ್ನಿನಿಂದ ಲೋಕಪ್ರಸಿದ್ಧನಾದ ಅದೇ ಸ್ಟೀಫನ್ಸನ್. ಸಣ್ಣ ಕೊಳವೆಯ ಮೂಲಕ ಮಾತ್ರ ಗಾಳಿ ಒಳಹೋಗುವ ಗಾಜಿನ ಚಿಮಣಿಯ ದೀಪವನ್ನು 1815ರ ಅಕ್ಟೋಬರ್ 21ರಂದು ಅನಿಲ ಸುಯ್ಯುವ ಬಿರುಕಿನ ಎದುರಿಗೇ ಒಯ್ದು ಪರೀಕ್ಷಿಸಿದ. ಓದಿಲ್ಲದ ಗಣಿ ಮೆಕ್ಯಾನಿಕ್ ತಮ್ಮ ಸಮಕ್ಕೆ ನಿಂತದ್ದನ್ನು ಡೇವಿ ಕೊನೆಯವರೆಗೂ ಸಹಿಸಲಿಲ್ಲ. ಆದರೆ ಇದೇ ಡೇವಿ ತಮ್ಮ ದೀಪಕ್ಕೆ ಪೇಟೆಂಟ್ ಪಡೆಯಲು ಒಪ್ಪಲಿಲ್ಲ. ಬಡಲ್ ಎಷ್ಟು ಹೇಳಿದರೂ ಕೇಳದೆ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ದೀಪ ಬೇಗನೆ ಹರಡಲು ಅದೂ ಒಂದು ಕಾರಣ.

ಲೆಕ್ಕ ತಪ್ಪಿದ್ದೆಲ್ಲಿ

ಸಾಮಾನ್ಯವಾಗಿ ಪಠ್ಯಪುಸ್ತಕದ ಕತೆ ಇಲ್ಲಿಗೆ ಮುಗಿಯುತ್ತದೆ. ಗಣಿಯ ಕತೆ ಮುಗಿಯಲಿಲ್ಲ. 1835ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಗಣಿ ಅಪಘಾತಗಳನ್ನು ತನಿಖೆ ಮಾಡಿತು. ಡರ್ಹ್ಯಾಮ್ ಮತ್ತು ನಾರ್ತಂಬರ್‌ಲ್ಯಾಂಡ್ ಜಿಲ್ಲೆಗಳಲ್ಲಿ ದೀಪ ಬರುವುದಕ್ಕೆ ಮುಂಚಿನ 18 ವರ್ಷಗಳಲ್ಲಿ 447 ಮಂದಿ ಸತ್ತಿದ್ದರು, ಬಂದ ನಂತರದ 18 ವರ್ಷಗಳಲ್ಲಿ 538 ಮಂದಿ. ಕಲ್ಲಿದ್ದಲಿನ ಬೇಡಿಕೆ ಏರಿ ಗಣಿಗಳೂ ಕೆಲಸಗಾರರೂ ಹೆಚ್ಚಿದ್ದರು, ನಿಜ. ಆದರೆ ಇನ್ನೊಂದು ಕಾರಣವೂ ಇತ್ತು. ಅನಿಲದ ಭಯಕ್ಕೆ ಕೈಬಿಟ್ಟಿದ್ದ ಗಣಿಭಾಗಗಳಿಗೆ ಈಗ ದೀಪ ಕೊಟ್ಟು ಜನರನ್ನು ಇಳಿಸಲಾಗಿತ್ತು. ಗಾಳಿ ಆಡಿಸುವ ವ್ಯವಸ್ಥೆಗೆ ಹಾಕಬೇಕಾದ ದುಡ್ಡನ್ನು ದೀಪ ಉಳಿಸಿಕೊಟ್ಟಿತು. ಅಪಾಯ ಕಡಿಮೆ ಮಾಡಲು ಬಂದ ಸಾಧನ, ಹೆಚ್ಚು ಅಪಾಯದ ಜಾಗಕ್ಕೆ ಹೋಗಲು ರಹದಾರಿಯಾಯಿತು.

ದೀಪದ ದೋಷಗಳೂ ಒಂದೊಂದಾಗಿ ಹೊರಬಂದವು. ಗಾಳಿಯ ರಭಸ ಹೆಚ್ಚಾದರೆ ಜ್ವಾಲೆ ಜಾಲರಿ ದಾಟುತ್ತಿತ್ತು. ತುಕ್ಕು ಹಿಡಿದು ಒಂದು ಎಳೆ ಮುರಿದರೂ ಅಪಾಯ. ಇವಕ್ಕೆ ಪರಿಹಾರ ಹುಡುಕಲು ಬೆಲ್ಜಿಯಂನಲ್ಲಿ, ಫ್ರಾನ್ಸಿನಲ್ಲಿ ಹೊಸ ಮಾದರಿಗಳು ಬಂದವು. ಜಾಲರಿಯ ಕೆಳಭಾಗಕ್ಕೆ ಗಾಜು ಬಂತು, ಹೊರಗೊಂದು ಕವಚ ಬಂತು.

ಆದರೆ ಬಹಳ ಕಾಲ ಯಾರೂ ದೋಷವೆಂದೇ ಎಣಿಸದ ಒಂದು ದೋಷವಿತ್ತು. ಡೇವಿ ದೀಪ ಕೊಡುತ್ತಿದ್ದ ಬೆಳಕು ಒಂದು ಮೇಣದಬತ್ತಿಯ ಕಾಲುಭಾಗಕ್ಕಿಂತಲೂ ಕಡಿಮೆ. ಜಾಲರಿಯ ತಂತಿ ದೊಡ್ಡ ಪಾಲು ನುಂಗುತ್ತಿತ್ತು, ಅದರ ಮೇಲೆ ಕೂತ ಮಸಿ ಮತ್ತು ಕಲ್ಲಿದ್ದಲಿನ ಪುಡಿ ಉಳಿದದ್ದನ್ನು ನುಂಗುತ್ತಿದ್ದವು. ಸುತ್ತಲಿನ ಗೋಡೆಯೂ ಕಪ್ಪು, ಚಾವಣಿಯೂ ಕಪ್ಪು, ಬಿದ್ದ ಬೆಳಕು ಹಿಂದಿರುಗುವ ಮಾತೇ ಇಲ್ಲ.

ಇದರ ಫಲ ಅನುಭವಿಸಿದವನು ಕೆಲಸಗಾರ. ಅವನ ಕೂಲಿ ಕಡಿದ ಕಲ್ಲಿದ್ದಲಿನ ತೂಕದ ಮೇಲೆ. ಕಾಣದಿದ್ದರೆ ಕಡಿಯುವುದು ಕಡಿಮೆ, ಜೊತೆಗೆ ಕಲ್ಲು ಸೇರಿದರೆ ದಂಡ. ಹಾಗಾಗಿ ಕಣ್ಣು ತಪ್ಪಿಸಿ ಜಾಲರಿ ಬಿಚ್ಚಿ ಬರಿ ಜ್ವಾಲೆಯಲ್ಲಿ ದುಡಿಯುವವರಿದ್ದರು. ಮಾಲೀಕರು ದೀಪಕ್ಕೆ ಬೀಗ ಹಾಕಿದರು. ಕಾನೂನು ಆ ಬೀಗವನ್ನು ಕಡ್ಡಾಯ ಮಾಡಿತು. ಸೀಸದ ಮೊಳೆಯ ಬೀಗ, ಅಯಸ್ಕಾಂತದ ಬೀಗ ಎಂದು ಅದರಲ್ಲೂ ಆವಿಷ್ಕಾರಗಳಾದವು. ಬಿಚ್ಚಿದವನಿಗೆ ಶಿಕ್ಷೆಯಾಯಿತು. ಅವನು ಏಕೆ ಬಿಚ್ಚಿದ ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಸ್ಫೋಟವಾದರೆ ಒಮ್ಮೆಗೇ ನೂರು ಹೆಣ, ಪತ್ರಿಕೆಯಲ್ಲಿ ಸುದ್ದಿ, ಸಂಸತ್ತಿನಲ್ಲಿ ಚರ್ಚೆ. ಆದರೆ ಬ್ರಿಟಿಷ್ ಗಣಿಗಳಲ್ಲಿ ವರ್ಷದುದ್ದಕ್ಕೂ ಹೆಚ್ಚು ಜನರನ್ನು ಕೊಂದದ್ದು ಸ್ಫೋಟವಲ್ಲ, ತಲೆಯ ಮೇಲೆ ಕಳಚಿ ಬೀಳುವ ಚಾವಣಿ. ಇಂದು ಇಲ್ಲೊಬ್ಬ, ನಾಳೆ ಅಲ್ಲೊಬ್ಬ. ಚಾವಣಿ ಬೀಳುವ ಮುನ್ನ ಕೂದಲೆಳೆಯ ಬಿರುಕು ಮೂಡುತ್ತದೆ, ಪುಡಿ ಉದುರುತ್ತದೆ, ಮರದ ಊರೆ ಬಾಗುತ್ತದೆ. ಅನುಭವಿಗೆ ಇಷ್ಟು ಸಾಕು, ಹಿಂದೆ ಸರಿಯುತ್ತಾನೆ. ಆದರೆ ಅದು ಅವನ ಕಣ್ಣಿಗೆ ಬೀಳಬೇಕಲ್ಲ!

ಕುಣಿಯುವ ದೀಪಗಳು

ಕತ್ತಲಿನ ಮೇಲೆ ಮೊದಲು ಬೆರಳು ತೋರಿಸಿದ್ದು ಎಂಜಿನಿಯರುಗಳಲ್ಲ, ಕಣ್ಣಿನ ವೈದ್ಯರು. 1860ರ ದಶಕದಲ್ಲಿ ಬೆಲ್ಜಿಯಂನ ವೈದ್ಯರು ಕಲ್ಲಿದ್ದಲಿನ ಗಣಿಯವರಲ್ಲಿ ಒಂದು ವಿಚಿತ್ರ ಕಾಯಿಲೆ ಗುರುತಿಸಿದರು. ರೋಗಿಯ ಕಣ್ಣುಗುಡ್ಡೆಗಳು ತಮ್ಮಷ್ಟಕ್ಕೆ ಸರಸರನೆ ಅದುರುತ್ತಿದ್ದವು. ದೀಪ ನೋಡಿದರೆ ದೀಪ ಕುಣಿದಂತೆ ಕಾಣುತ್ತಿತ್ತು. ತಲೆನೋವು, ತಲೆಸುತ್ತು, ರೆಪ್ಪೆ ಬಡಿತ, ಮುಸ್ಸಂಜೆಯಾದರೆ ದಾರಿ ಕಾಣದು. ಗಣಿಯಿಂದ ಮೇಲೆ ಬಂದವನು ತಲೆಯನ್ನು ಹಿಂದಕ್ಕೆ ವಾಲಿಸಿ, ರೆಪ್ಪೆಯಡಿಯಿಂದ ಕೆಳಗೆ ನೋಡುತ್ತ ತಡವರಿಸಿ ನಡೆಯುತ್ತಿದ್ದ. ಹಾಗೆ ನೋಡಿದರೆ ಅದುರುವಿಕೆ ತುಸು ತಗ್ಗುತ್ತಿತ್ತು. ಕಾಯಿಲೆಗೆ ಗಣಿಗಾರರ ನಿಸ್ಟಾಗ್ಮಸ್ ಎಂಬ ಹೆಸರು ಬಿತ್ತು.

ಕಾರಣವೇನು? ಶೆಫೀಲ್ಡಿನ ಹೆಸರಾಂತ ನೇತ್ರತಜ್ಞ ಸಿಮಿಯನ್ ಸ್ನೆಲ್ ಗಣಿಗಳಿಗೆ ಸ್ವತಃ ಇಳಿದು ನೋಡಿ ಬಂದವರು. ತೆಳು ಪದರದ ಕಲ್ಲಿದ್ದಲನ್ನು ಬುಡದಿಂದ ಕಡಿಯುವಾಗ ಕೆಲಸಗಾರ ಮಗ್ಗುಲಾಗಿ ಮಲಗಿ, ಕಣ್ಣನ್ನು ಓರೆಯಾಗಿ ಮೇಲಕ್ಕೆ ತಿರುಗಿಸಿ ಗಂಟೆಗಟ್ಟಲೆ ದುಡಿಯುತ್ತಾನೆ, ಕಣ್ಣಿನ ಸ್ನಾಯುಗಳು ಸೋಲುವುದು ಅದರಿಂದಲೇ ಎಂಬುದು ಅವರ ವಾದ. ಭಂಗಿಯೇ ರೋಗದ ಮೂಲ. ವಾದ ಗಟ್ಟಿಯಾಗಿಯೇ ಇತ್ತು, ಬಹುಕಾಲ ಒಪ್ಪಿತವೂ ಆಯಿತು.

ಡರ್ಬಿಶೈರಿನ ಸ್ಟೇವ್ಲಿಯಲ್ಲಿ ಗಣಿ ಕೆಲಸಗಾರರಿಗೆ ಮದ್ದು ಕೊಡುತ್ತಿದ್ದ ವೈದ್ಯ ಜೋಸಾಯಾ ಕೋರ್ಟ್ ಒಪ್ಪಲಿಲ್ಲ. ಅವರು ಮಾಡಿದ್ದು ಸರಳ ಕೆಲಸ. ಬರಿ ಬತ್ತಿಯಲ್ಲಿ ದುಡಿಯುವವರನ್ನೂ ಸುರಕ್ಷಾ ದೀಪದಲ್ಲಿ ದುಡಿಯುವವರನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಇಬ್ಬರೂ ಮಲಗಿಯೇ ಕಡಿಯುವವರು. ಆದರೆ ಕಾಯಿಲೆ ಗುಂಪುಗಟ್ಟಿದ್ದು ಸುರಕ್ಷಾ ದೀಪದವರಲ್ಲಿ. ಭಂಗಿ ಒಂದೇ ಆಗಿದ್ದು ಫಲ ಬೇರೆಯಾದರೆ ಕಾರಣ ಭಂಗಿಯಲ್ಲ.

ಇಷ್ಟಾದರೂ ವಾದ ದಶಕಗಳ ಕಾಲ ಎಳೆಯಿತು. 1907ರಲ್ಲಿ ಈ ಕಾಯಿಲೆ ಬ್ರಿಟನ್ನಿನಲ್ಲಿ ಪರಿಹಾರ ಸಿಗುವ ಉದ್ಯೋಗಜನ್ಯ ರೋಗಗಳ ಪಟ್ಟಿಗೆ ಸೇರಿತು. ಅಲ್ಲಿಗೆ ಅದು ಮಾಲೀಕರ ಖರ್ಚಿನ ಪುಸ್ತಕವನ್ನೂ ಹೊಕ್ಕಿತು, ಕಾರಣ ಹುಡುಕುವ ಆಸಕ್ತಿಯೂ ಹೆಚ್ಚಿತು. 1912ರಲ್ಲಿ ವೈದ್ಯ ಲಿಸ್ಟರ್ ಲೆವೆಲಿನ್ ಪುಸ್ತಕವನ್ನೇ ಬರೆದು ಮಂದ ಬೆಳಕನ್ನು ಮುಖ್ಯ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿದರು. 1922ರಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿ ತೀರ್ಪು ಕೊಟ್ಟಿತು: ಮೂಲ ಕಾರಣ ಬೆಳಕಿನ ಕೊರತೆ, ಭಂಗಿ ಮುಂತಾದವು ಅದಕ್ಕೆ ಸೇರಿಕೊಳ್ಳುವಂಥವು.

ಕಣ್ಣಿನ ರಚನೆ ಗೊತ್ತಿದ್ದವರಿಗೆ ಈ ತೀರ್ಪಿನ ತರ್ಕ ಅರ್ಥವಾಗುತ್ತದೆ. ನಾವು ಒಂದು ವಸ್ತುವನ್ನು ನೆಟ್ಟು ನೋಡುವುದು ಅಕ್ಷಿಪಟಲದ ನಡುಬಿಂದುವಿನಿಂದ. ಅಲ್ಲಿರುವುದು ಬರೀ ಶಂಕುಕೋಶಗಳು, ಅವಕ್ಕೆ ಒಳ್ಳೆಯ ಬೆಳಕು ಬೇಕು. ಮಂದ ಬೆಳಕಿಗೆ ಒಗ್ಗುವ ದಂಡಕೋಶಗಳು ಇರುವುದು ಆ ಬಿಂದುವಿನ ಸುತ್ತ. ಬೆಳಕು ತೀರಾ ಕಡಿಮೆಯಾದಾಗ ನಡುಬಿಂದು ಕುರುಡಾಗುತ್ತದೆ, ಕಣ್ಣಿಗೆ ನೆಟ್ಟು ನಿಲ್ಲಲು ನೆಲೆಯೇ ಇರುವುದಿಲ್ಲ. ಪಾಳಿಯುದ್ದಕ್ಕೂ, ವರ್ಷಗಟ್ಟಲೆ, ನೆಲೆ ಹುಡುಕುತ್ತ ಅಲೆದ ಕಣ್ಣು ಕೊನೆಗೆ ಅಲೆಯುವುದನ್ನೇ ರೂಢಿ ಮಾಡಿಕೊಳ್ಳುತ್ತದೆ.

ದೀಪ ಸಿಡಿಯದಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಕೆಲವು ತಿಂಗಳು ಸಾಕಾದವು. ಆ ದೀಪದಲ್ಲಿ ಮನುಷ್ಯನಿಗೆ ಕಾಣುತ್ತದೆಯೇ ಎಂಬ ಪ್ರಶ್ನೆಗೆ ನೂರು ವರ್ಷ ಹಿಡಿಯಿತು. ಎರಡನೆಯದು ಹೆಚ್ಚು ಕಠಿಣವಾಗಿತ್ತೆಂದಲ್ಲ. ಕೇಳಬೇಕಾದವರಿಗೆ ಕೇಳುವ ತುರ್ತು ಇರಲಿಲ್ಲ.

ಹಣೆಯ ಮೇಲೆ ಬಂದ ಬೆಳಕು

ಪರಿಹಾರ ವಿದ್ಯುತ್ತಿನಿಂದ ಬಂತು. 1912ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಜೆಡ್ ಗಣಿ ಸಿಡಿದು 80ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ಬ್ಯೂರೋ ಆಫ್ ಮೈನ್ಸ್‌ನಲ್ಲಿದ್ದ ಜಾನ್ ರಯಾನ್ ಮತ್ತು ಜಾರ್ಜ್ ಡೈಕ್ ಎಂಬ ಎಂಜಿನಿಯರುಗಳು ಜ್ವಾಲೆಯೇ ಇಲ್ಲದ ದೀಪ ಬೇಕೆಂದು ಥಾಮಸ್ ಎಡಿಸನ್ ಬಳಿ ಹೋದರು. ಸೊಂಟಕ್ಕೆ ಬ್ಯಾಟರಿ, ಟೋಪಿಗೆ ಬಲ್ಬು, ನಡುವೆ ಒಂದು ವೈರು. 1915ರಲ್ಲಿ ಅದಕ್ಕೆ ಬ್ಯೂರೋದ ಒಪ್ಪಿಗೆ ಸಿಕ್ಕಿತು. ಕೈಗಳೆರಡೂ ಬಿಡುವಾದವು, ಮುಖ ತಿರುಗಿದ ಕಡೆ ಬೆಳಕು ತಿರುಗಿತು, ಚಾವಣಿ ನೋಡಲು ಕತ್ತು ಎತ್ತಿದರೆ ಸಾಕಾಯಿತು. ಬ್ರಿಟನ್ನಿನಲ್ಲೂ ವಿದ್ಯುತ್ ದೀಪಗಳು ಹರಡಿದಂತೆ ನಿಸ್ಟಾಗ್ಮಸ್ ಇಳಿಮುಖವಾಗಿ, ಈಗ ವೈದ್ಯಕೀಯ ಇತಿಹಾಸದ ಪುಟ ಸೇರಿದೆ.

ಹೊಸ ದೀಪಕ್ಕೆ ಒಂದು ಕೊರತೆಯಿತ್ತು. ಹಳೆಯ ಜ್ವಾಲೆ ಗಾಳಿಯನ್ನು ಓದುತ್ತಿತ್ತು. ಮೀಥೇನ್ ಶೇಕಡಾ ಎರಡು ಮೂರರಷ್ಟು ಸೇರಿದರೆ ಜ್ವಾಲೆಯ ತಲೆಯ ಮೇಲೆ ನೀಲಿ ಕುಲಾವಿ ಮೂಡುತ್ತಿತ್ತು, ಆಮ್ಲಜನಕ ತಗ್ಗಿದರೆ ದೀಪ ತಾನೇ ಆರುತ್ತಿತ್ತು. ಬಲ್ಬಿಗೆ ಇದಾವುದೂ ತಿಳಿಯದು. ಹಾಗಾಗಿ ಹಣೆಯ ಮೇಲೆ ವಿದ್ಯುತ್ ದೀಪ ಬಂದ ಮೇಲೂ ಮೇಲ್ವಿಚಾರಕರ ಕೈಯಲ್ಲಿ ಜ್ವಾಲೆಯ ದೀಪ ಅನಿಲ ಅಳೆಯುವ ಉಪಕರಣವಾಗಿ ದಶಕಗಳ ಕಾಲ ಉಳಿಯಿತು. ಬೆಳಗುವ ಕೆಲಸ ಒಂದಕ್ಕೆ, ಎಚ್ಚರಿಸುವ ಕೆಲಸ ಇನ್ನೊಂದಕ್ಕೆ.

ನಮ್ಮ ನಾಡಿನ ಗಣಿಗೆ ವಿದ್ಯುತ್ ಬಂದ ಕತೆಯಲ್ಲೂ ಇದೇ ಆದ್ಯತೆಯ ಗೆರೆ ಕಾಣುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ತಂದದ್ದು ಯಂತ್ರ ಓಡಿಸಲು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದರ ನಂತರ, 1905ರಲ್ಲಿ. ಮೊದಲು ಯಂತ್ರದ ಹಸಿವು, ಆಮೇಲೆ ಮನುಷ್ಯರ ಕಣ್ಣು. ಇಂದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಗೆ ಇಳಿಯುವವರ ಹೆಲ್ಮೆಟ್ ಮೇಲಿರುವುದು ಅದೇ ಕ್ಯಾಪ್‌ಲ್ಯಾಂಪಿನ ವಂಶದ ಕುಡಿ. ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಂದಿದೆ, ಸೊಂಟ ಎಳೆಯುತ್ತಿದ್ದ, ಕೆಲವೊಮ್ಮೆ ಆಸಿಡ್ ಸೋರುತ್ತಿದ್ದ ಸೀಸದ ಬ್ಯಾಟರಿಯ ಜಾಗಕ್ಕೆ ಹಗುರ ಲಿಥಿಯಂ ಬ್ಯಾಟರಿಗಳು ಬರುತ್ತಿವೆ. ಗಣಿಗಳಲ್ಲಿ ಲ್ಯಾಂಪ್‌ರೂಮಿನ ಲೆಕ್ಕಕ್ಕೆ ಇನ್ನೊಂದು ಉಪಯೋಗವೂ ಇದೆ. ಪಾಳಿ ಮುಗಿದ ಮೇಲೆ ಸ್ಟ್ಯಾಂಡಿಗೆ ಯಾವ ನಂಬರಿನ ದೀಪ ಮರಳಿಲ್ಲ ಎಂದು ನೋಡಿದರೆ ಯಾರು ಇನ್ನೂ ಕೆಳಗಿದ್ದಾರೆಂದು ಗೊತ್ತಾಗುತ್ತದೆ.

ಗಣಿ ಕಲಿಸಿದ ಪಾಠ ಮೇಲಿನ ಕಾರ್ಖಾನೆಗಳಿಗೂ ಸಲ್ಲುತ್ತದೆ. 1948ರ ನಮ್ಮ ಕಾರ್ಖಾನೆಗಳ ಕಾಯ್ದೆ ತನ್ನ 17ನೇ ಕಲಮನ್ನು ಪೂರ್ತಿ ಬೆಳಕಿಗೇ ಮೀಸಲಿಟ್ಟಿತು. ಕೆಲಸ ಮಾಡುವ ಜಾಗಕ್ಕೆ ಮಾತ್ರವಲ್ಲ, ಜನ ಓಡಾಡುವ ಜಾಗಕ್ಕೂ ಸಾಕಷ್ಟು ಬೆಳಕಿರಬೇಕು ಎಂದು ಅದು ವಿಧಿಸಿತ್ತು. ಕಿಟಕಿಯ ಗಾಜನ್ನು ಒಳಗೂ ಹೊರಗೂ ಒರೆಸಿಟ್ಟಿರಬೇಕು. ಕಣ್ಣು ಕೋರೈಸಬಾರದು, ಅಪಘಾತಕ್ಕೆ ಎಡೆಮಾಡುವ ನೆರಳೂ ಬೀಳಬಾರದು. ಬೆಳಕು ಎಂದರೆ ಬರೀ ವ್ಯಾಟಿನ ಲೆಕ್ಕವಲ್ಲ ಎಂಬ ತಿಳಿವಳಿಕೆ ಅದರಲ್ಲಿತ್ತು. ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಅದರ ಲಯಕ್ಕೆ ಲೇತಿನ ವೇಗ ಹೊಂದಿಕೊಂಡರೆ ಗಿರ್ರೆಂದು ತಿರುಗುತ್ತಿರುವ ಚಕ್ ನಿಂತೇ ಇದೆಯೆಂಬಂತೆ ಕಾಣುತ್ತದೆ. ಅಕ್ಕಪಕ್ಕದ ದೀಪಗಳನ್ನು ಬೇರೆಬೇರೆ ಫೇಸ್‌ಗೆ ಜೋಡಿಸಿದರೆ, ಇಲ್ಲವೇ ಎಲೆಕ್ಟ್ರಾನಿಕ್ ಚೋಕ್ ಹಾಕಿದರೆ ಆ ಭ್ರಮೆ ಹೋಗುತ್ತದೆ. ಖರ್ಚು ದೊಡ್ಡದಲ್ಲ, ಗೊತ್ತಿರಬೇಕಷ್ಟೆ.

ಕೆಲಸದ ಜಾಗದಲ್ಲಿ ಅಪಘಾತವಾದಾಗ ವರದಿಯಲ್ಲಿ ಥಟ್ಟನೆ ಬರುವ ಕಾರಣ ಕಾರ್ಮಿಕನ ಅಜಾಗರೂಕತೆ. ಜಾಲರಿ ಬಿಚ್ಚಿದ ಗಣಿ ಕೆಲಸಗಾರನ ಮೇಲೂ ಅದೇ ಆರೋಪವಿತ್ತು, ಕಣ್ಣು ಕೆಟ್ಟವನಿಗೆ ಅವನು ಮಲಗಿದ ಭಂಗಿಯೇ ಕಾರಣವಾಯಿತು. ಕೋರ್ಟ್ ಎಂಬ ವೈದ್ಯರು ಮಾಡಿದಂತೆ ಎರಡು ದೀಪಗಳ ಕೆಳಗಿನ ಜನರನ್ನು ಪಕ್ಕಪಕ್ಕ ಇಟ್ಟು ನೋಡಿದಾಗಷ್ಟೇ ಆರೋಪ ಮನುಷ್ಯನ ಮೇಲಿಂದ ಕತ್ತಲಿನ ಮೇಲೆ ಸರಿಯಿತು. ಇವತ್ತಿನ ತನಿಖಾಧಿಕಾರಿಯ ಬಳಿ ಬೆಳಕು ಅಳೆಯುವ ಲಕ್ಸ್ ಮೀಟರ್ ಇದೆ, ಅಂಗೈಯಗಲದ ಉಪಕರಣ. ಯಾರು ಎಡವಿದರು ಎಂದು ಬರೆಯುವ ಮೊದಲು, ಅವಘಡ ಆದ ಹೊತ್ತಿಗೇ ಸರಿಯಾಗಿ ಆ ಜಾಗಕ್ಕೆ ಹೋಗಿ, ಅಲ್ಲಿ ಎಷ್ಟು ಕಾಣುತ್ತಿತ್ತು ಎಂದು ಅಳೆದು ಮೊದಲ ಸಾಲಿನಲ್ಲೇ ಬರೆಯಲಿ.